ಮೈದಾನದಲ್ಲಿ ಗೆರೆ ಎಳೆದು ಕಟ್ಟಿದ ಪ್ರಯೋಗಾಲಯ: ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಪ್ರಕರಣ

ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದ್ದು. ಕಾಲಿಟ್ಟ ಕೂಡಲೇ ಎಡಕ್ಕೆ ರಾಸಾಯನಿಕಗಳ ಬೀರು, ಬಲಕ್ಕೆ ಕಂಪ್ಯೂಟರುಗಳ ಮೇಜು, ನಡುವೆ ಸಾಲಾಗಿ ಮರದ ಡೆಸ್ಕುಗಳು. 30 ಅಡಿ ಉದ್ದ, 22 ಅಡಿ ಅಗಲದ ಆ ಕೋಣೆಯಲ್ಲಿ ಹತ್ತನೇ ತರಗತಿಯ 44 ಮಕ್ಕಳನ್ನು ಕೂರಿಸಿಕೊಂಡು ನಾಲ್ಕು ವರ್ಷ ಪಾಠ ಮಾಡಿದೆ. ಪ್ರಯೋಗ ಅಂದರೆ ನಾನು ಮುಂದೆ ನಿಂತು ಮಾಡುವುದು, ಮುಂದಿನ ಎರಡು ಸಾಲಿನವರು ನೋಡುವುದು, ಹಿಂದಿನವರು ಎದ್ದು ನಿಂತು ಇಣುಕುವುದು.

ಚಿಂತಾಮಣಿಯಿಂದ ಅಷ್ಟೇನೂ ದೂರವಿಲ್ಲದ ಸರ್ಕಾರಿ ಪ್ರೌಢಶಾಲೆ ನಮ್ಮದು. ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವವರು. ಟೊಮೆಟೊ, ಹಿಪ್ಪುನೇರಳೆ, ಹಾಲು ನಂಬಿಕೊಂಡ ಮನೆಗಳಿಂದ ಬರುವವರು. ವಿಜ್ಞಾನಕ್ಕೆ ಇಬ್ಬರು ಶಿಕ್ಷಕರು: ನಾನು ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ನನ್ನ ಸಹೋದ್ಯೋಗಿ ಪಿಸಿಎಂ (ಭೌತ, ರಸಾಯನ, ಗಣಿತ).

ಒಂದು ಜುಲೈ ತಿಂಗಳಲ್ಲಿ ತಾಮ್ರದ ಆಕ್ಸೈಡನ್ನು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸುವ ಚಟುವಟಿಕೆ ನಡೆಯುತ್ತಿತ್ತು. ದ್ರಾವಣ ನೀಲಿ-ಹಸಿರಿಗೆ ತಿರುಗಿದ್ದನ್ನು ತೋರಿಸಲು ಒಬ್ಬ ಹುಡುಗಿ ಬೀಕರು ಹಿಡಿದು ಬಾಗಿಲ ಕಡೆಯ ಮೇಜಿಗೆ ಬರುತ್ತಿದ್ದಳು. ಹೊರಗಿನಿಂದ ಹಾಜರಿ ಪುಸ್ತಕ ತಂದ ಹುಡುಗ ಬಾಗಿಲು ತಳ್ಳಿದ. ಬೀಕರಿನಲ್ಲಿದ್ದದ್ದು ಅವಳ ಮೊಣಕೈವರೆಗೆ ಚೆಲ್ಲಿತು. ಡ್ರಮ್ಮಿನ ನಲ್ಲಿ ತಿರುಗಿಸಿದರೆ ನೀರಿಲ್ಲ. ಅವಳ ಕೈ ಹಿಡಿದುಕೊಂಡು ಬಿಸಿಯೂಟದ ಅಡುಗೆಕೋಣೆಗೆ ಓಡಿದೆ. ಅಡುಗೆಯಮ್ಮ ಏನು ಎತ್ತ ಎಂದು ಕೇಳದೆ, ಅಕ್ಕಿ ತೊಳೆಯಲು ತುಂಬಿಸಿಟ್ಟಿದ್ದ ಕೊಳಗದಿಂದ ಚೊಂಬಿನಲ್ಲಿ ನೀರು ಸುರಿಯುತ್ತಲೇ ಹೋದರು. ಆಮ್ಲ ಸಾರರಿಕ್ತವಾಗಿದ್ದರಿಂದ ಕೈ ಕೆಂಪಾದದ್ದು ಎರಡು ದಿನದಲ್ಲಿ ಇಳಿಯಿತು. ಅದೇ ಹನಿ ಕಣ್ಣಿಗೆ ಬಿದ್ದಿದ್ದರೆ? ಕಣ್ಣಿಗೆ ಆಮ್ಲ ಬಿದ್ದರೆ ಹತ್ತು ಸೆಕೆಂಡಿನಲ್ಲಿ ನೀರಿನ ಬಳಿ ಇರಬೇಕು, ಹದಿನೈದು ನಿಮಿಷ ಬಿಡದೆ ತೊಳೆಯಬೇಕು. ನನಗೆ ಅಡುಗೆಕೋಣೆ ಮುಟ್ಟಲು ಎಷ್ಟು ಹೊತ್ತಾಯಿತೋ, ಆದರೆ ಹೆಜ್ಜೆ ಎಣಿಸಿ ನೋಡಿದೆ: ಎಂಬತ್ತು.

ಆ ವಾರವೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತೆತ್ತಿದೆ. ಯಾರೂ ಬೇಡವೆನ್ನಲಿಲ್ಲ. ಒಂದಿಷ್ಟು ಅನುದಾನವಿತ್ತು, ಹಳೆಯ ವಿದ್ಯಾರ್ಥಿಗಳು ಸೇರಿಸಿಕೊಡುತ್ತೇವೆಂದರು. ಹದಿನೈದು ದಿನದಲ್ಲಿ ಒಬ್ಬ ಸರಬರಾಜುದಾರರಿಂದ ಬಣ್ಣದ ಚಿತ್ರದೊಂದಿಗೆ ಪಟ್ಟಿಯೂ ಬಂತು: ಎಂಟು ಮೇಜು, ಪ್ರತಿ ಮೇಜಿಗೂ ಸಿಂಕು ಮತ್ತು ಪ್ಲಗ್ಗು, 44 ಸ್ಟೂಲು, ನಾಲ್ಕು ಗಾಜಿನ ಬೀರು, ಒಂದು ಸ್ಮಾರ್ಟ್ ಬೋರ್ಡು, ರೋಬಾಟ್ ಕಿಟ್ಟು. ಚಿತ್ರ ಚೆನ್ನಾಗಿತ್ತು. ಅದರಲ್ಲಿ ಮಕ್ಕಳು ಮಾತ್ರ ಇರಲಿಲ್ಲ. ಬಾಗಿಲು ಅದೇ ಒಂದು, ಅದೇ ಜಾಗದಲ್ಲಿ.

ನಾನು ಮುಖ್ಯ ಶಿಕ್ಷಕಿಯವರನ್ನು ಕೇಳಿಕೊಂಡಿದ್ದು ಇಷ್ಟೇ: "ಮೇಡಂ, ಆರ್ಡರ್ ಕೊಡೋದಕ್ಕೆ ಮೊದಲು ಮೂರು ವಾರ ಟೈಮ್ ಕೊಡಿ. ಮಕ್ಕಳು ಈ ಕೋಣೆಯಲ್ಲಿ ಹೇಗೆ ಓಡಾಡ್ತಾರೆ ಅಂತ ನೋಡ್ತೀವಿ."

40 ನಿಮಿಷ ಎಲ್ಲಿ ಹೋಗುತ್ತದೆ

ನಾನು ಪ್ರಯೋಗ ಮಾಡಿಸುವಾಗ ಸಹೋದ್ಯೋಗಿ ಮೂಲೆಯಲ್ಲಿ ಕೂತು ಗಡಿಯಾರ ನೋಡಿ ಬರೆದುಕೊಂಡರು. ಅವರ ಪಾಠಕ್ಕೆ ನಾನು ಹಾಗೆಯೇ ಮಾಡಿದೆ. 40 ನಿಮಿಷದ ಪೀರಿಯಡ್ಡಿನಲ್ಲಿ ಸಾಮಾನು ಹಂಚಲು ಒಂಬತ್ತು ಹತ್ತು ನಿಮಿಷ, ನೀರು ತರಲು ಐದಾರು, ತೊಳೆದು ಹಿಂದಿರುಗಿಸಲು ಎಂಟು. ಮಗುವಿನ ಕೈಯಲ್ಲಿ ಪ್ರನಾಳ ನಿಜವಾಗಿ ಇದ್ದದ್ದು ಹದಿನಾಲ್ಕು ನಿಮಿಷಕ್ಕೆ ಮೀರಲಿಲ್ಲ. ಬೀರು, ನೀರು, ಕಸದ ಬುಟ್ಟಿ, ಮೂರೂ ಬಾಗಿಲ ಕಡೆಗೇ ಇದ್ದುದರಿಂದ ಇಡೀ ತರಗತಿ ಅಲ್ಲೇ ನುಗ್ಗುತ್ತಿತ್ತು. ಹೊಸ ಮೇಜು ತಂದರೂ ಈ ನೂಕುನುಗ್ಗಲು ಹಾಗೇ ಇರುತ್ತಿತ್ತು.

ಆಮೇಲೆ ಕೋಣೆಯ ಅಳತೆಯನ್ನು ಆಟದ ಮೈದಾನಕ್ಕೆ ತಂದೆವು. ಖೋಖೋ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದಲೇ 30 ಅಡಿ, 22 ಅಡಿಯ ಆಯತ ಹಾಕಿ, ಬಾಗಿಲು ಕಿಟಕಿ ಗುರುತಿಸಿ, ಪಟ್ಟಿಯಲ್ಲಿದ್ದ ಎಂಟು ಮೇಜುಗಳ ಜಾಗದಲ್ಲಿ ಡೆಸ್ಕುಗಳನ್ನು ಜೋಡಿಸಿದೆವು. ಮಕ್ಕಳಿಗೆ ನೀರು ತುಂಬಿದ ಪ್ರನಾಳ, ಸ್ಟ್ಯಾಂಡು, ಬೀಕರು ಕೊಟ್ಟು, "ಇದು ಪ್ರಯೋಗಾಲಯ, ಕೆಲಸ ಶುರು ಮಾಡಿ" ಎಂದೆವು. ಮೇಜುಗಳ ನಡುವೆ ಮೂರು ಅಡಿ ದಾರಿ ಉಳಿದಿತ್ತು. ಎರಡೂ ಕಡೆ ಬೆನ್ನು ತಿರುಗಿಸಿ ನಿಂತವರ ನಡುವೆ ಮೂರನೆಯವಳು ಟ್ರೇ ಹಿಡಿದು ದಾಟಲು ಹೊರಟಾಗ ನೀರು ಚೆಲ್ಲಿತು. ಹತ್ತು ನಿಮಿಷದಲ್ಲಿ ನೆಲದ ಮೇಲೆ ಹದಿನೇಳು ಒದ್ದೆ ಗುರುತು. ಚೆಲ್ಲಿದ ಕಡೆಯೆಲ್ಲ ಮಕ್ಕಳೇ ಒಂದೊಂದು ಕಲ್ಲು ಇಟ್ಟಿದ್ದರು. ಕಲ್ಲುಗಳು ಗುಂಪಾಗಿ ಬಿದ್ದಿದ್ದು ಎರಡೇ ಜಾಗದಲ್ಲಿ: ಬಾಗಿಲ ಬಳಿ ಮತ್ತು ನಡುಸಾಲಿನ ಮೂಲೆಯಲ್ಲಿ.

ಮೇಜುಗಳನ್ನು ಗೋಡೆಗೆ ಸರಿಸಿದೆವು. ಮಕ್ಕಳು ಗೋಡೆಗೆ ಮುಖ ಮಾಡಿ ನಿಂತರೆ ನಡುವೆ ಇಡೀ ಅಂಗಳವೇ ಖಾಲಿ. ನಾನು ನಡುವೆ ನಿಂತರೆ ಎಲ್ಲರ ಕೈಯೂ ಕಾಣುತ್ತಿತ್ತು. ಇದು ಸರಿ ಎಂದು ಮೊದಲು ಹೇಳಿದವನು ನಾನು ಕೊನೆಯ ಬೆಂಚಿನವನೆಂದೇ ತಿಳಿದಿದ್ದ ಹುಡುಗ. ಅವರ ಮನೆಯ ಹಸುವಿನ ಕೊಟ್ಟಿಗೆಯಲ್ಲೂ ಮೇವಿನ ತೊಟ್ಟಿ ಗೋಡೆಗೇ ಇದೆಯಂತೆ, ನಡುವೆ ಇಟ್ಟರೆ ಸಗಣಿ ಬಾಚಲು ಆಗುವುದಿಲ್ಲವಂತೆ. ಅವನ ಮಾತನ್ನು ನಾನು ನಕ್ಷೆಯ ಮೇಲೇ ಬರೆದಿಟ್ಟುಕೊಂಡೆ.

ತಲೆಗೆ ಎಷ್ಟು ಜಾಗ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಶಿಕ್ಷಕರ ಸಂಘ ಹೈಸ್ಕೂಲು ಪ್ರಯೋಗಾಲಯಗಳಿಗೆಂದು ಕೊಡುವ ಲೆಕ್ಕ ಹೀಗಿದೆ: ಪಾಠವೂ ಪ್ರಯೋಗವೂ ಒಂದೇ ಕೋಣೆಯಲ್ಲಿ ನಡೆಯುವುದಾದರೆ ಒಬ್ಬ ವಿದ್ಯಾರ್ಥಿಗೆ 60 ಚದರ ಅಡಿ, ಒಂದು ತರಗತಿಗೆ 24 ಮಕ್ಕಳಿಗಿಂತ ಹೆಚ್ಚು ಬೇಡ. ಅಂದರೆ 1,440 ಚದರ ಅಡಿ. ನಮ್ಮದು 660 ಚದರ ಅಡಿಗೆ 44 ಮಕ್ಕಳು, ತಲೆಗೆ 15. ಅವರು ಹೇಳುವುದರ ಕಾಲುಭಾಗ. ಗೋಡೆ ಒಡೆದು ಪಕ್ಕದ ಕೋಣೆ ಸೇರಿಸೋಣವೆಂದರೆ ಅದು ಸೈಜುಗಲ್ಲಿನ ಗೋಡೆ, ತಾರಸಿಯ ಭಾರ ಅದರ ಮೇಲೇ ನಿಂತಿದೆ. ನೋಡಲು ಬಂದ ಎಂಜಿನಿಯರ್ ತೊಲೆ ಕೊಡದೆ ಮುಟ್ಟಬೇಡಿ ಎಂದರು. ತೊಲೆಗೆ ಹಣವಿರಲಿಲ್ಲ.

ಕಟ್ಟಡ ದೊಡ್ಡದಾಗದಿದ್ದರೆ ಗುಂಪು ಚಿಕ್ಕದಾಗಬೇಕು. ಸಹೋದ್ಯೋಗಿಯೂ ನಾನೂ ವೇಳಾಪಟ್ಟಿ ಹರಡಿಕೊಂಡು ಕೂತೆವು. ವಾರದಲ್ಲಿ ಎರಡು ದಿನ ಅವರ ಗಣಿತದ ಪೀರಿಯಡ್ಡನ್ನೂ ನನ್ನ ವಿಜ್ಞಾನದ ಪೀರಿಯಡ್ಡನ್ನೂ ಒಂದರ ಬೆನ್ನಿಗೆ ಒಂದು ಇಟ್ಟೆವು. ಮೊದಲ 40 ನಿಮಿಷ 22 ಮಕ್ಕಳು ನನ್ನ ಬಳಿ, ಉಳಿದ 22 ಮಕ್ಕಳು ಅವರ ಬಳಿ ಲೆಕ್ಕ. ಆಮೇಲೆ ಅದಲು ಬದಲು. ತಲೆಗೆ 30 ಚದರ ಅಡಿಯಾಯಿತು. ಅರವತ್ತರ ಅರ್ಧವೇ ಸರಿ, ಆದರೆ ಮೈದಾನದಲ್ಲಿ ಮತ್ತೆ ಗೆರೆ ಹಾಕಿ 22 ಮಕ್ಕಳನ್ನು ನಿಲ್ಲಿಸಿ ನೋಡಿದಾಗ ಚೆಲ್ಲಿದ್ದು ಒಂದೇ ಸಲ. ಈ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಒಂದು ಪೈಸೆಯೂ ಖರ್ಚಾಗದ ಈ ಬದಲಾವಣೆಯೇ.

22 ಅಂದರೆ ಹನ್ನೊಂದು ಜೋಡಿ. ಕಿಟಕಿ ಗೋಡೆಯ ಉದ್ದಕ್ಕೂ ಆರು ಜೋಡಿ, ತಲಾ ಐದು ಅಡಿ. ಜಗಲಿ ಕಡೆಯ ಗೋಡೆಗೆ ಈಗ ಎರಡು ಬಾಗಿಲು, ಈ ತುದಿಗೊಂದು ಆ ತುದಿಗೊಂದು. ಅವೆರಡರ ನಡುವೆ ನಾಲ್ಕು ಜೋಡಿ. ಹನ್ನೊಂದನೆಯದು ಮೊದಲ ಬಾಗಿಲ ಪಕ್ಕದ ಅಡ್ಡಗೋಡೆಗೆ, ತಗ್ಗಿನ ಕಟ್ಟೆ. ಎರಡೂ ಬಾಗಿಲು ಹೊರಕ್ಕೆ ತೆರೆದು ಗೋಡೆಗೆ ಪೂರ್ತಿ ಅಂಟಿ ಕೊಂಡಿಗೆ ಸಿಕ್ಕಿಕೊಳ್ಳುತ್ತವೆ, ಇಲ್ಲದಿದ್ದರೆ ಜಗಲಿಯಲ್ಲಿ ಓಡಿಬರುವ ಎಂಟನೇ ತರಗತಿಯವರ ಹಣೆಗೇ ಬಡಿಯುತ್ತಿತ್ತು. ಬಾಗಿಲು ತಿರುಗುವಷ್ಟು ಜಾಗಕ್ಕೆ ನೆಲದಲ್ಲಿ ಹಳದಿ ಕಮಾನು ಬಳಿದಿದ್ದೇವೆ.

ಕಟ್ಟೆಯ ಎತ್ತರಕ್ಕಾಗಿ ಮಕ್ಕಳ ಮೊಣಕೈ ಎತ್ತರ ಅಳೆದೆವು. ಅದು ಸಹೋದ್ಯೋಗಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಒದಗಿತು: ಎಂಟರಿಂದ ಹತ್ತನೇ ತರಗತಿಯವರೆಗೆ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ, ಟೇಪು ಹಿಡಿದು, ಮಧ್ಯಾಂಕ ತೆಗೆಯುವುದು. 34 ಇಂಚಿನಿಂದ 41 ಇಂಚಿನವರೆಗೆ ಬಂತು. ನಿಂತು ಪ್ರನಾಳ ಹಿಡಿಯುವ ಕೆಲಸಕ್ಕೆ ಮೊಣಕೈಗಿಂತ ಕಟ್ಟೆ ತುಸು ತಗ್ಗಿರಬೇಕು. ಚಿಕ್ಕವರನ್ನು ಲೆಕ್ಕಕ್ಕೆ ಹಿಡಿದು 33 ಇಂಚು ಮಾಡಿದೆವು. ಪಟ್ಟಿಯಲ್ಲಿದ್ದ ಮೇಜು 36 ಇಂಚಿನದು, ದೊಡ್ಡವರ ಅಳತೆ. ಹನ್ನೊಂದನೆಯ ಕಟ್ಟೆ 30 ಇಂಚು, ಕೆಳಗೆ ಮೊಣಕಾಲಿಗೆ ಪೂರ್ತಿ ಜಾಗ. ಆ ವರ್ಷ ಎಂಟನೇ ತರಗತಿಗೆ ಸೇರಿದ ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಅವನ ಕುರ್ಚಿಯನ್ನೇ ಮೈದಾನಕ್ಕೆ ತಂದು, ಇಟ್ಟಿಗೆ ಜೋಡಿಸಿ ಹಲಗೆ ಇಟ್ಟು, ಅವನೇ ಸಾಕು ಎನ್ನುವವರೆಗೆ ಏರಿಸಿ ಇಳಿಸಿ ಅಳತೆ ತೆಗೆದೆವು.

ಕಡಪ ಕಲ್ಲಿನ ಮೇಲೆ ಒಂದು ಹನಿ

ಕಟ್ಟೆಗೆ ಯಾವ ಕಲ್ಲು ಎನ್ನುವ ಪ್ರಶ್ನೆ ಬಂತು. ಮೇಸ್ತ್ರಿ ಅನುಭವಸ್ಥರು. "ಕಡಪ ಕಲ್ಲು ಹಾಕಿಬಿಡೋಣ ಮೇಡಂ, ಕಡಿಮೆಗೆ ಸಿಗುತ್ತೆ, ನಿಮ್ಮ ಮನೆ ಅಡುಗೆಮನೇಲೂ ಅದೇ ಇರ್ತದೆ" ಎಂದರು. ತಪ್ಪೇನಿಲ್ಲ, ನಮ್ಮ ಮನೆಯಲ್ಲಿ ಅದೇ ಇದೆ. ಆದರೆ ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು, ಅದರ ತಿರುಳು ಕ್ಯಾಲ್ಸಿಯಂ ಕಾರ್ಬೊನೇಟ್. ಹತ್ತನೇ ತರಗತಿಯ ಆಮ್ಲಗಳ ಪಾಠದಲ್ಲಿ ನಾವು ಓದಿಸುವುದೇ ಅದನ್ನು.

ಮರುದಿನ ಮೇಸ್ತ್ರಿ ತಂದಿದ್ದ ನಮೂನೆಯ ಚೂರನ್ನು ಜಗಲಿಯ ಮೇಲಿಟ್ಟು ಒಂದು ಹನಿ ಆಮ್ಲ ಬಿಟ್ಟೆ. ಸಣ್ಣಗೆ ಚುಂಯ್ ಎಂದು ನೊರೆ ಎದ್ದಿತು. ಮೇಸ್ತ್ರಿ ಬಗ್ಗಿ ನೋಡಿದರು. ಒರೆಸಿದಾಗ ಹುಣಸೆಬೀಜದಷ್ಟು ಜಾಗದಲ್ಲಿ ಹೊಳಪು ಹೋಗಿ ಬೂದಿಯ ಬಣ್ಣ ಬಂದಿತ್ತು, ಬೆರಳಾಡಿಸಿದರೆ ಒರಟು. ಅದೇ ಹನಿಯನ್ನು ಪಕ್ಕದ ಮೆಟ್ಟಿಲಿನ ಗ್ರಾನೈಟ್ ಮೇಲೆ ಬಿಟ್ಟೆ. ಏನೂ ಆಗಲಿಲ್ಲ. ನೀರು ಬಿದ್ದಂತೆ ಬಿದ್ದು ಹಾಗೇ ಇತ್ತು. ಗ್ರಾನೈಟಿನಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್‌ಗಳಿಗೆ ಶಾಲೆಯಲ್ಲಿ ಬಳಸುವ ಆಮ್ಲಗಳು ಅಷ್ಟಾಗಿ ತಾಗುವುದಿಲ್ಲ. ನಂದಿಬೆಟ್ಟದಿಂದ ಹಿಡಿದು ನಮ್ಮೂರ ಗುಡ್ಡದವರೆಗೆ ಸುತ್ತಲಿರುವುದೆಲ್ಲ ಆ ಕುಲದ ಕಲ್ಲೇ. ಪಾಲಿಶ್ ಘಟಕವೊಂದರಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಅಂಚು ಮುರಿದ ಚಪ್ಪಡಿಗಳನ್ನು ಕೊಡಿಸಿದ. ಮೇಸ್ತ್ರಿ ಆಮೇಲೆ ಸಂದಿಗೆ ಸಿಮೆಂಟು ತುಂಬುವ ಮೊದಲು ತಾವೇ ಕೇಳಿದರು: "ಸಿಮೆಂಟಿಗೂ ಒಂದು ಹನಿ ಹಾಕಿ ನೋಡಿ ಮೇಡಂ." ನೊರೆ ಬಂತು. ಸಂದಿಗೆ ಆಮ್ಲಕ್ಕೆ ಜಗ್ಗದ ಎಪಾಕ್ಸಿ ಅಂಟು ತುಂಬಿಸಿದೆವು.

ಸಿಂಕಿನಿಂದ ಹೋಗುವ ಆಮ್ಲದ ನೀರು ನೇರವಾಗಿ ಚರಂಡಿಗೆ ಹೋಗಬಾರದಲ್ಲ. ಹೊರಗೆ ಮೂರು ಅಡಿಯ ಗುಂಡಿ ತೆಗೆಸಿ, ಕಟ್ಟೆಗೆ ಬೇಡವಾದ ಕಡಪ ಕಲ್ಲನ್ನೇ ಚೂರು ಮಾಡಿ ತುಂಬಿದೆವು. ಕಟ್ಟೆಯ ಮೇಲೆ ಆಗಬಾರದ ಕೆಲಸ ಗುಂಡಿಯೊಳಗೆ ಆಗಬೇಕಾದ ಕೆಲಸ. ಸ್ಟೀಲ್ ಸಿಂಕನ್ನು ಹೈಡ್ರೋಕ್ಲೋರಿಕ್ ಆಮ್ಲ ತಿನ್ನುತ್ತದೆಂದು ಗಟ್ಟಿ ಪ್ಲಾಸ್ಟಿಕ್ಕಿನವು ಹಾಕಿಸಿದೆವು, ಎಂಟಲ್ಲ, ಮೂರೇ.

ನೀರು

ಮೂರೇ ಏಕೆಂದರೆ ನೀರಿಲ್ಲ. ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರ ಅಡಿ ಕೊರೆದರೂ ಒಮ್ಮೊಮ್ಮೆ ದೂಳೇ ಬರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಿಂದ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಿಂದ ಬರುತ್ತಿದೆಯಾದರೂ ಶಾಲೆಯ ನಲ್ಲಿಗೆ ಬೋರಿನ ನೀರೇ ಗತಿ. ವಿದ್ಯುತ್ ಇದ್ದಾಗ ಬಂದಷ್ಟು. ಹಾಗಾಗಿ ಪ್ರಯೋಗಾಲಯಕ್ಕೆ ಬೇರೆಯದೇ ತೊಟ್ಟಿ ಮೇಲಿಟ್ಟು, ಅದಕ್ಕೆ ಕೆಳಗಿನಿಂದ ಕಾಣುವ ಮಟ್ಟದ ಕೊಳವೆ ಹಾಕಿಸಿದೆವು. ಅದರಲ್ಲಿ ಕೆಂಪು ಗೆರೆಗಿಂತ ನೀರು ಕೆಳಗಿದ್ದರೆ ಆವತ್ತು ಆಮ್ಲದ ಪ್ರಯೋಗವಿಲ್ಲ. ಕಣ್ಣು ತೊಳೆಯಲು ಒಂದು ಸಿಂಕಿಗೆ ಮೇಲ್ಮುಖವಾಗಿ ಮೆಲ್ಲಗೆ ಚಿಮ್ಮುವ ಜೋಡಿ ನಲ್ಲಿ. ಕೋಣೆಯ ಯಾವ ಮೂಲೆಯಿಂದಲೂ ಅಲ್ಲಿಗೆ ಕೆಲವೇ ಹೆಜ್ಜೆ, ದಾರಿಯಲ್ಲಿ ಏನೂ ಅಡ್ಡವಿಲ್ಲ.

ನೀರಿನ ಇನ್ನೊಂದು ಕಾಟ ಹಳೆಯ ಕೋಣೆಯಲ್ಲೇ ಗೊತ್ತಾಗಿತ್ತು. ಕ್ಲೋರೈಡ್ ಇದೆಯೇ ಎಂದು ನೋಡಲು ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಹಾಲಿನಂಥ ಬಿಳಿ ಒತ್ತರ (ಕರಗದ ಗಸಿ) ಬರಬೇಕು. ನಮ್ಮ ಮಕ್ಕಳಿಗೆ ಉಪ್ಪಿನ ನೀರಿಗೂ ಬಿಳಿ, ಸಕ್ಕರೆ ನೀರಿಗೂ ಬಿಳಿ, ಬರಿಯ ನೀರಿಗೂ ಬಿಳಿ. "ಮಿಸ್, ಎಲ್ಲದರಲ್ಲೂ ಕ್ಲೋರೈಡ್ ಇದೆ" ಎಂದು ಒಬ್ಬಳು ಬರೆದುಕೊಟ್ಟಳು. ಅವಳು ಸರಿಯಾಗಿಯೇ ಬರೆದಿದ್ದಳು. ಬೋರಿನ ನೀರಿನಲ್ಲೇ ಅದು ಕರಗಿತ್ತು. ಬಟ್ಟಿ ಇಳಿಸಿದ ನೀರು ಕ್ಯಾನು ಕ್ಯಾನಾಗಿ ತರಲು ದುಡ್ಡಿಲ್ಲ. ತಾರಸಿಯಿಂದ ಕೊಳವೆ ಇಳಿಸಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ 200 ಲೀಟರಿನ ಮುಚ್ಚಿದ ಡ್ರಮ್ಮಿಗೆ ಹಿಡಿದೆವು. ಆ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದ ದಿನ ಪ್ರನಾಳ ತಿಳಿಯಾಗಿಯೇ ಉಳಿಯಿತು. ಮಕ್ಕಳು ಅದನ್ನು ಬೆಳಕಿಗೆ ಹಿಡಿದು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದರು. ಈಗ ಸಾಬೂನಿನ ಪ್ರಯೋಗಕ್ಕೂ ಅದೇ ಡ್ರಮ್ಮು: ಬೋರಿನ ನೀರಿನಲ್ಲಿ ಗಸಿ ಕಟ್ಟುವ ಸಾಬೂನು ಮಳೆನೀರಿನಲ್ಲಿ ಅಂಗೈ ತುಂಬ ನೊರೆಯಾಗುತ್ತದೆ. ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇಲ್ಲಿನ ಮಕ್ಕಳಿಗೆ ಪುಸ್ತಕದ ಅಂಕಿಯಲ್ಲ, ಕಲೆಗಟ್ಟಿದ ಹಲ್ಲುಗಳನ್ನು ಅವರು ಮನೆಯಲ್ಲೇ ನೋಡಿರುತ್ತಾರೆ. ಮನೆಮನೆಯ ನೀರು ತಂದು ಪರೀಕ್ಷಾ ಕಿಟ್ಟಿನಲ್ಲಿ ನೋಡಲು ತಗ್ಗಿನ ಕಟ್ಟೆಯ ಪಕ್ಕ ಒಂದು ಜಾಗವನ್ನೇ ಬಿಟ್ಟಿದ್ದೇವೆ.

ಬೀರು, ಬೆಂಕಿ, ವಿದ್ಯುತ್ತು

ಹಳೆಯ ಬೀರು ಖಾಲಿ ಮಾಡುವಾಗ ಗಾಜಿನ ಒಳಮೈಯೆಲ್ಲ ಬಿಳಿ ಹಿಟ್ಟು ಉದುರಿಸಿದಂತಿತ್ತು. ಅಮೋನಿಯಾ ಬಾಟಲಿಯೂ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯೂ ಅಕ್ಕಪಕ್ಕ ಕೂತಿದ್ದವು. ಎರಡರ ಆವಿ ಸೇರಿ ಅಮೋನಿಯಂ ಕ್ಲೋರೈಡ್ ಆಗಿ ವರ್ಷಗಟ್ಟಲೆ ಕೂತಿತ್ತು. ಆಮ್ಲದ ಆವಿ ಅಷ್ಟಕ್ಕೇ ನಿಲ್ಲದೆ ಎದುರಿನ ಕಂಪ್ಯೂಟರುಗಳ ಸ್ಕ್ರೂಗಳಿಗೆ ತುಕ್ಕು ಹಿಡಿಸಿತ್ತು. ಅದನ್ನು ನೋಡಿದ ಮೇಲೆ ತಂತ್ರಜ್ಞಾನದ ಕೋಣೆ ಬೇರೆಯೇ ಇರಬೇಕು ಎನ್ನುವುದಕ್ಕೆ ನನಗೆ ಬೇರೆ ವಾದ ಬೇಕಾಗಲಿಲ್ಲ.

ಪಕ್ಕದ 22 ಅಡಿ, 20 ಅಡಿಯ ಕೋಣೆಯಲ್ಲಿ ಆರು ಅಡಿಯನ್ನು ಗೋಡೆ ಎತ್ತಿ ದಾಸ್ತಾನಿಗೆ ತೆಗೆದೆವು. ಮೇಲೂ ಕೆಳಗೂ ಜಾಲಂಧ್ರ, ಬೀಗ, ಕೀಲಿ ನಮ್ಮಿಬ್ಬರ ಬಳಿ ಮಾತ್ರ. ಆಮ್ಲಗಳು ನೆಲದ ಹತ್ತಿರ, ಪ್ಲಾಸ್ಟಿಕ್ ತಟ್ಟೆಯೊಳಗೆ. ನೈಟ್ರಿಕ್ ಆಮ್ಲ ಎಲ್ಲದರಿಂದ ದೂರ, ಅದರಲ್ಲೂ ಸ್ಪಿರಿಟ್ಟು, ಅಸಿಟಿಕ್ ಆಮ್ಲದಿಂದ ದೂರ. ಕಣ್ಣಿನ ಮಟ್ಟಕ್ಕಿಂತ ಮೇಲೆ ದ್ರವ ಇಡುವಂತಿಲ್ಲ. ಕಲ್ನಾರಿನ ಬಿಳಿ ಚಕ್ರವಿದ್ದ ಹಳೆಯ ತಂತಿ ಬಲೆಗಳನ್ನು ಒದ್ದೆ ಮಾಡಿ ಚೀಲಕ್ಕೆ ಹಾಕಿ ಬದಿಗಿಟ್ಟು ಸೆರಾಮಿಕ್ಕಿನವು ತರಿಸಿದೆವು. ಪಾದರಸದ ಥರ್ಮಾಮೀಟರ್ ನಿಲ್ಲಿಸಿದೆವು. ಹಿಂದಿನವರು ಜ್ವಾಲಾಮುಖಿ ತೋರಿಸಲು ಬಳಸುತ್ತಿದ್ದ ಅಮೋನಿಯಂ ಡೈಕ್ರೋಮೇಟಿನ ಡಬ್ಬಿ ಸಿಕ್ಕಿತು. ಅದರ ಕ್ರೋಮಿಯಂ ವಿಷ, ಸುರಿಯುವ ಹಾಗಿಲ್ಲ. ಮೊಹರು ಮಾಡಿ ಚೀಟಿ ಅಂಟಿಸಿ ಇಟ್ಟಿದ್ದೇವೆ, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ದಾರಿ ಇನ್ನೂ ಆಗಿಲ್ಲ.

ಮೇಜು ಮೇಜಿಗೂ ಗ್ಯಾಸ್ ಕೊಳವೆ ಬೇಡವೆಂದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ, ಮೇಲಿನ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ಶಿಕ್ಷಕರ ಮೇಜಿಗೆ ಒಂದೇ ಬರ್ನರ್, ಸಿಲಿಂಡರ್ ಗೋಡೆಯಾಚೆ ಪಂಜರದಲ್ಲಿ. ಮಕ್ಕಳಿಗೆ ಆರು ಸ್ಪಿರಿಟ್ ದೀಪ. ಅವನ್ನು ತುಂಬಿಸುವುದು ದಾಸ್ತಾನು ಕೋಣೆಯಲ್ಲಿ, ತಣ್ಣಗಿದ್ದಾಗ, ನಾವೇ. ಹಗಲ ಬೆಳಕಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಾಣುವುದೇ ಇಲ್ಲ, ಆರಿದೆ ಎಂದುಕೊಂಡು ತುಂಬಿಸಲು ಹೋದವರ ಮುಖ ಸುಟ್ಟುಕೊಂಡಿದೆ.

ಪ್ರತಿ ಮೇಜಿಗೂ ಪ್ಲಗ್ಗು ಎನ್ನುವುದನ್ನೂ ಬಿಟ್ಟೆವು. ಹೈಸ್ಕೂಲಿನ ವಿದ್ಯುತ್ ಪ್ರಯೋಗಗಳೆಲ್ಲ ಶುಷ್ಕಕೋಶಗಳಲ್ಲೇ ಮುಗಿಯುತ್ತವೆ. ಸಿಂಕಿನಿಂದ ದೂರದ ಗೋಡೆಗೆ ನಾಲ್ಕೇ ಪ್ಲಗ್ಗು, ಎಲ್ಲಕ್ಕೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದ ಕೂಡಲೇ ತಾನಾಗಿ ಕಡಿದುಹಾಕುವ ಸ್ವಿಚ್ಚು. ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಮಾತ್ರ ನಮಗೆ ಪಾಠ ಕಲಿಸಿತು. ಮಳೆಗಾಲದಲ್ಲಿ ಹಾಕಿಸಿದ ಅರ್ಥ್ ಗುಂಡಿಯ ರೋಧ ಆಗ ಕಡಿಮೆಯೇ ಇತ್ತು. ಏಪ್ರಿಲಿನಲ್ಲಿ ಎಲೆಕ್ಟ್ರಿಷಿಯನ್ ಮತ್ತೆ ಅಳೆದಾಗ ರೋಧ ಹಲವು ಪಟ್ಟು ಏರಿತ್ತು. ಮೊರಂ ಮಣ್ಣು, ಕೆಳಗೆ ಬಂಡೆ, ಒಣಗಿದರೆ ವಿದ್ಯುತ್ತು ಇಳಿಯುವುದಿಲ್ಲ. ಈಗ ಬೇಸಗೆಯಲ್ಲಿ ಗಿಡಗಳಿಗೆ ನೀರು ಹಾಕುವ ಪಾಳಿಯವರು ಅರ್ಥ್ ಗುಂಡಿಗೂ ವಾರಕ್ಕೆರಡು ಬಕೆಟ್ ಸುರಿಯುತ್ತಾರೆ. ಏಕೆ ಸುರಿಯುತ್ತೇವೆಂದು ಎಂಟನೇ ತರಗತಿಯವರಿಗೂ ಗೊತ್ತು.

ಬೆಟ್ಟ ಕಾಣುವ ಕಿಟಕಿ

ಸರಬರಾಜುದಾರರ ಚಿತ್ರದಲ್ಲಿ ಪಶ್ಚಿಮದ ಕಿಟಕಿಗೆ ಅಡ್ಡವಾಗಿ ಗಾಜಿನ ಬೀರು ಇತ್ತು. ಆ ಕಿಟಕಿಯಿಂದ ಅಂಬಾಜಿದುರ್ಗದ ಬೆಟ್ಟ ಕಾಣುತ್ತದೆ. ನಿಮ್ನ ದರ್ಪಣ, ಅಂದರೆ ಒಳಬಾಗಿದ ಕನ್ನಡಿ, ದೂರದ ಬೆಳಕನ್ನು ಎಷ್ಟು ದೂರದಲ್ಲಿ ಒಂದೆಡೆ ಸೇರಿಸುತ್ತದೆ ಎಂಬ ಸಂಗಮದೂರ ಕಂಡುಹಿಡಿಯಲು ದೂರದ ವಸ್ತು ಬೇಕು, ಅದರ ಮೇಲೆ ಬೆಳಕು ಬೇಕು, ನಿಂತ ಜಾಗ ಕತ್ತಲಿರಬೇಕು. ಬೆಳಗಿನ ಬಿಸಿಲು ಬೆಟ್ಟದ ಬಂಡೆಯ ಮೇಲೆ ನೇರವಾಗಿ ಬೀಳುತ್ತದೆ. ಇದಕ್ಕಿಂತ ಒಳ್ಳೆಯ ದೂರದ ವಸ್ತುವನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ. ಬೀರನ್ನು ತೆಗೆದು, ಉಳಿದ ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆಯ ಪರದೆ ಹೊಲಿಸಿದೆವು. ಮೊದಲ ಸಲ ಪರದೆ ಎಳೆದು ದರ್ಪಣವನ್ನು ಕಿಟಕಿಗೆ ತಿರುಗಿಸಿ, ಬಿಳಿ ಕಾಗದವನ್ನು ಹಿಂದೆ ಮುಂದೆ ಸರಿಸುತ್ತಿದ್ದ ಹುಡುಗಿಯ ಕೈ ಒಂದು ಕಡೆ ಗಕ್ಕನೆ ನಿಂತಿತು. ಕಾಗದದ ಮೇಲೆ ಹುಣಸೆ ಎಲೆಯಷ್ಟು ಚಿಕ್ಕ ಬೆಟ್ಟ ತಲೆಕೆಳಗಾಗಿ ನಿಂತಿತ್ತು, ಬಣ್ಣದಲ್ಲಿ, ಅಂಚು ಸ್ಪಷ್ಟವಾಗಿ. ಅವಳು ಉಸಿರು ಬಿಗಿಹಿಡಿದು "ಸ್ಕೇಲ್ ತಗೊಂಡು ಬಾರೇ" ಎಂದಳು. ಅವಳ ಗೆಳತಿ ಕಾಗದ ಅಲ್ಲಾಡದಂತೆ ಅಳೆದಳು.

ಜಮಖಾನದ ಮೇಲಿನ ತಂತ್ರಜ್ಞಾನ

ಪಕ್ಕದ ಕೋಣೆಯಲ್ಲಿ ಉಳಿದದ್ದು 320 ಚದರ ಅಡಿ. ಅಲ್ಲಿ ಮೇಜು ತುಂಬಿದರೆ ಮಕ್ಕಳಿಗೆ ಜಾಗವಿಲ್ಲ. ನಮ್ಮ ಮಕ್ಕಳು ನೆಲದ ಮೇಲೆ ಕೂತು ಎಂಥ ಸೂಕ್ಷ್ಮ ಕೆಲಸವನ್ನೂ ಮಾಡಬಲ್ಲವರು. ಹೂ ಕಟ್ಟುವುದು, ರೇಷ್ಮೆಹುಳುವಿನ ತಟ್ಟೆ ಬದಲಿಸುವುದು, ಎಲ್ಲ ನೆಲದ ಮೇಲೇ. ಹಾಗಾಗಿ ಗೋಡೆ ಸುತ್ತ ಮಾತ್ರ ಕಂಪ್ಯೂಟರಿನ ಹಲಗೆ, ನಡುವೆ ಜಮಖಾನ. ಬೆಸುಗೆ ಹಾಕುವುದು ಮಾತ್ರ ಕಿಟಕಿ ಪಕ್ಕದ ಮೇಜಿನಲ್ಲಿ, ಒಮ್ಮೆಗೆ ಇಬ್ಬರು, ಆಮೇಲೆ ಕೈ ತೊಳೆಯದೆ ಊಟಕ್ಕೆ ಹೋಗುವಂತಿಲ್ಲ. ಬೆಸುಗೆಯಲ್ಲಿ ಸೀಸವಿರುತ್ತದೆ. ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರುಗಳು ಗೋಡೆಯ ಹಲಗೆಯ ಮೇಲೆ, ಪ್ರತಿಯೊಂದರ ಆಕಾರವನ್ನು ಹಿಂದೆ ಬಣ್ಣದಲ್ಲಿ ಬರೆದಿದೆ. ಯಾವುದು ವಾಪಸು ಬಂದಿಲ್ಲವೆಂಬುದು ಬಾಗಿಲಿನಿಂದಲೇ ಗೊತ್ತಾಗುತ್ತದೆ.

ದುಬಾರಿ ರೋಬಾಟ್ ಕಿಟ್ಟಿನ ಬದಲು ಆರ್ಡುಯಿನೊ ಬೋರ್ಡು (ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಎಲೆಕ್ಟ್ರಾನಿಕ್ ಹಲಗೆ), ಬಿಡಿ ಸೆನ್ಸರುಗಳನ್ನು ತರಿಸಿದೆವು. ಮಕ್ಕಳು ಮನೆಯಿಂದ ಹನಿ ನೀರಾವರಿಯ ಕೊಳವೆ ಚೂರು, ಹಳೆಯ ವಾಲ್ವು ತಂದರು. ಮಣ್ಣು ಒಣಗಿದರೆ ದೀಪ ಹತ್ತುವ ವಿದ್ಯುತ್ ಮಂಡಲ ಮೊದಲು ಮಾಡಿದವರು ಇಬ್ಬರು ಹುಡುಗಿಯರು. ಅದಕ್ಕೂ ಮೊದಲು ಪ್ರವಾಸದಲ್ಲಿ ನಮ್ಮ ಜಿಲ್ಲೆಯದೇ ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಬಗ್ಗೆ ಬಸ್ಸಿನಲ್ಲಿ ಹೇಳುತ್ತಿದ್ದೆ. 1976ರಿಂದ ಅಲ್ಲಿ ಹೊಲದ ನಡುವೆ ಕಂಬ ನೆಟ್ಟು ತಂತಿ ಎಳೆದು ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುತ್ತಾರೆ ಎಂದಾಗ ಒಬ್ಬ, "ದ್ರಾಕ್ಷಿ ತೋಟದ ಥರಾನಾ ಸಾರ್?" ಎಂದು ನನ್ನ ಸಹೋದ್ಯೋಗಿಯನ್ನು ಕೇಳಿದ. ಹೆಚ್ಚುಕಮ್ಮಿ ಹಾಗೇ.

ತಪ್ಪಿದ್ದು

ಎರಡು ವರ್ಷ ಬಳಸಿದ ಮೇಲೆ ಎಡವಿದ ಜಾಗಗಳೂ ಕಾಣುತ್ತಿವೆ. ಎಕ್ಸಾಸ್ಟ್ ಫ್ಯಾನನ್ನು ಕಿಟಕಿಯ ನೆತ್ತಿಗೇ ಕೂರಿಸಿದ್ದು ನನ್ನ ತಪ್ಪು. ಅದು ಆ ಕಿಟಕಿಯಿಂದಲೇ ಗಾಳಿ ಎಳೆದು ಹೊರಗೆ ಬಿಡುತ್ತದೆ, ಕಟ್ಟೆಯ ಮೇಲಿನ ಹೊಗೆ ಅಲ್ಲೇ ಸುಳಿಯುತ್ತಿರುತ್ತದೆ. ಊದುಬತ್ತಿ ಹಚ್ಚಿ ಇಟ್ಟು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಈಗ ಆ ಕಿಟಕಿ ಮುಚ್ಚಿ ಎದುರಿನ ಬಾಗಿಲು ತೆರೆದಿಟ್ಟರೆ ಗಾಳಿ ಕೋಣೆ ದಾಟಿ ಹೋಗುತ್ತದೆ. ಹೆಚ್ಚು ಆವಿ ಬರುವ ಪ್ರಯೋಗವನ್ನು ಜಗಲಿಯಲ್ಲೇ ಮಾಡುತ್ತೇವೆ.

ಕಡಪ ಕಲ್ಲಿನ ಗುಂಡಿ ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಹೊರಬರುವ ನೀರಿಗೆ ನೀಲಿ ಲಿಟ್ಮಸ್ ಹಾಕಿದರೆ ಕೆಂಪು. ತೆಗೆದು ನೋಡಿದರೆ ಚೂರುಗಳ ಮೇಲೆ ಬಿಳಿ ಪದರ ಕಟ್ಟಿತ್ತು. ಸಲ್ಫ್ಯೂರಿಕ್ ಆಮ್ಲ ತಾಗಿದಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಹೊದಿಕೆಯಾಗಿ ಒಳಗಿನ ಕಲ್ಲಿಗೆ ಆಮ್ಲ ಮುಟ್ಟಲು ಬಿಡುವುದಿಲ್ಲ. ಪಾಠದಲ್ಲಿ ಇದನ್ನೇ ಹೇಳಿಕೊಡುವ ನಾನು ಗುಂಡಿ ತೆಗೆಸುವಾಗ ಯೋಚಿಸಲಿಲ್ಲ. ಈಗ ಸಲ್ಫ್ಯೂರಿಕ್ ಆಮ್ಲದ ಉಳಿಕೆಯನ್ನು ಬೇರೆ ಬಕೆಟ್ಟಿನಲ್ಲಿ ಅಡುಗೆ ಸೋಡಾ ಹಾಕಿ ಶಮನ ಮಾಡಿಯೇ ಸುರಿಯುವುದು, ದಸರಾ ರಜೆಯಲ್ಲಿ ಚೂರುಗಳನ್ನು ಉಜ್ಜಿ ಹಾಕುವುದು.

ಎರಡನೇ ಬಾಗಿಲಿಗೆ ಇಳಿಜಾರು ಇನ್ನೂ ಆಗಿಲ್ಲ. ಗಾಲಿಕುರ್ಚಿಯ ಹುಡುಗ ಒಂದೇ ಬಾಗಿಲಿನಿಂದ ಬಂದು ಹೋಗಬೇಕು, ಅಂದರೆ ಅವನ ಮಟ್ಟಿಗೆ ಇದು ಇನ್ನೂ ಒಂದೇ ಬಾಗಿಲಿನ ಕೋಣೆ. ಅವನೀಗ ಹತ್ತನೇ ತರಗತಿಯಲ್ಲಿದ್ದಾನೆ. ಅವನು ಶಾಲೆ ಬಿಡುವುದರೊಳಗೆ ಆಗಬೇಕೆಂದು ಹಟ ಹಿಡಿದಿದ್ದೇನೆ, ಮೇಸ್ತ್ರಿ ಸಂಕ್ರಾಂತಿ ಕಳೆದ ಕೂಡಲೇ ಬರುತ್ತೇನೆಂದಿದ್ದಾರೆ.

ಮತ್ತೆ ಗಡಿಯಾರ ಹಿಡಿದು ಕೂತು ನೋಡಿದೆವು. ಪ್ರತಿ ಜೋಡಿಗೂ ಸಾಮಾನು ತುಂಬಿದ ಟ್ರೇ ಮೊದಲೇ ಕಟ್ಟೆಯ ಕೆಳಗೆ ಸಿದ್ಧವಿರುವುದರಿಂದ ಹಂಚುವ ಹೊತ್ತು ಎರಡು ನಿಮಿಷಕ್ಕಿಳಿದಿದೆ. ಪ್ರನಾಳ ಮಗುವಿನ ಕೈಯಲ್ಲಿರುವುದು ಇಪ್ಪತ್ತಾರು ಇಪ್ಪತ್ತೇಳು ನಿಮಿಷ. ಬಾಗಿಲ ಪಕ್ಕ ಒಂದು ಹಾಳೆ ತೂಗುಹಾಕಿದ್ದೇವೆ, ಈ ಕೋಣೆಯಲ್ಲಿ ಏನು ತೊಡಕಾಗುತ್ತಿದೆ ಎಂದು ಯಾರು ಬೇಕಾದರೂ ಬರೆಯಬಹುದು. ಈ ತಿಂಗಳು ಅದರಲ್ಲಿ ಮೂರು ಸಾಲುಗಳಿವೆ: ಎಡಗಡೆಯ ಸಿಂಕಿನ ನೀರು ಲಂಗಕ್ಕೆ ಸಿಡಿಯುತ್ತದೆ, ಎಡಗೈಯಲ್ಲಿ ಬರೆಯುವವರಿಗೆ ಆರನೇ ಜಾಗದಲ್ಲಿ ಗೋಡೆ ತಾಗುತ್ತದೆ, ಬೆಟ್ಟದ ಕಿಟಕಿಯ ಮುಂದೆ ಯಾರೋ ಪೊರಕೆ ಇಡುತ್ತಿದ್ದಾರೆ, ದಯವಿಟ್ಟು ಇಡಬೇಡಿ.